ತೊಂಬತ್ತು ಅಂಕೆಗಳ ಆಟ

ದಕ್ಷಿಣ ಇಟಲಿಯ ಸಮುದ್ರತೀರದಲ್ಲಿ, ವೆಸೂವಿಯಸ್ ಎಂಬ ಅಗ್ನಿಪರ್ವತದ ಮಗ್ಗುಲಿಗೆ, ನೇಪಲ್ಸ್ ಎಂಬ ಪುರಾತನ ಪಟ್ಟಣವುಂಟು. ಅಲ್ಲಿಯವರಿಗೆ ಕ್ರಿಸ್ತಜಯಂತಿಯೆಂದರೆ ಒಂದು ದಿನದ ಹಬ್ಬವಲ್ಲ. ಡಿಸೆಂಬರ್ 24ರ ರಾತ್ರಿ ಆರಂಭವಾದುದು ಜನವರಿ 6ರವರೆಗೂ ನಡೆಯುತ್ತದೆ. ನಮ್ಮಲ್ಲಿ ನವರಾತ್ರಿಗೆ ಬೊಂಬೆಗಳನ್ನು ಕೂಡಿಸುವಂತೆ ಅವರು ಕ್ರಿಸ್ತನು ಹುಟ್ಟಿದ ಗೋದಲಿಯನ್ನೂ, ದನಕುರಿಗಳನ್ನೂ, ಕುರುಬರನ್ನೂ, ಅದರ ಸುತ್ತ ಒಂದು ಸಂತೆಯನ್ನೇ ಬೊಂಬೆಗಳಿಂದ ಕಟ್ಟಿ ಮನೆಯಲ್ಲಿ ಇಡುತ್ತಾರೆ. ಹೊರ ಊರುಗಳಲ್ಲಿರುವ ಮಕ್ಕಳೂ ಅಳಿಯಂದಿರೂ ಬಂದು ಸೇರುತ್ತಾರೆ. ಊಟವಾದ ಮೇಲೆ ಮೇಜಿನ ಮೇಲಿನ ವಸ್ತ್ರವನ್ನು ತೆಗೆಯುವ ಮೊದಲೇ ಮನೆಯ ಹಿರಿಯಳು ಒಂದು ಸಣ್ಣ ಬೆತ್ತದ ಬುಟ್ಟಿಯನ್ನು ತಂದು ಕುಲುಕುತ್ತಾಳೆ. ಆ ಸದ್ದನ್ನು ಕೇಳಿದೊಡನೆ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಸುತ್ತ ಕೂಡುತ್ತಾರೆ. ಈ ಆಟಕ್ಕೆ ‘ತೊಂಬೊಲ’ವೆಂದು ಹೆಸರು, ನಮ್ಮ ದೇಶದಲ್ಲಿ ‘ತಂಬೋಲ’ವೆಂದು ಬಳಕೆಗೆ ಬಂದಿರುವುದು ಇದೇ.

ಬುಟ್ಟಿಯಲ್ಲಿ 1 ರಿಂದ 90 ರವರೆಗೆ ಅಂಕೆಗಳನ್ನು ಬರೆದ ಮರದ ತುಣುಕುಗಳಿರುವುವು. ಆಟಗಾರರ ಮುಂದೆ ಒಂದೊಂದು ಚೀಟಿ. ಪ್ರತಿಯೊಂದು ಚೀಟಿಯಲ್ಲಿಯೂ ಅಡ್ಡಕ್ಕೆ ಮೂರು ಸಾಲು, ಉದ್ದಕ್ಕೆ ಒಂಬತ್ತು ಮನೆ. ಸಾಲಿಗೆ ಐದರಂತೆ ಹದಿನೈದು ಅಂಕೆಗಳು, ಉಳಿದ ಹನ್ನೆರಡು ಮನೆಗಳು ಬರಿದು. ಕೂಗಿದ ಅಂಕೆ ತನ್ನ ಚೀಟಿಯಲ್ಲಿದ್ದರೆ ಅದರ ಮೇಲೆ ಒಂದು ಕಾಳನ್ನೋ ಕಿತ್ತಿಳೆಯ ಸಿಪ್ಪೆಯ ಚೂರನ್ನೋ ಇಡಬೇಕು. ಒಂದೇ ಸಾಲಿನಲ್ಲಿ ಎರಡು ಕೂಡಿದರೆ ಮೊದಲನೆಯ ಬಹುಮಾನ. ಮೂರಕ್ಕೆ, ನಾಲ್ಕಕ್ಕೆ, ಐದಕ್ಕೆ ಬೇರೆ ಬೇರೆ. ಹದಿನೈದೂ ತುಂಬಿದವನಿಗೆ ‘ತೊಂಬೊಲ’, ಎಂದರೆ ಎಲ್ಲಕ್ಕಿಂತ ದೊಡ್ಡದು. ಕೂಗುವವಳ ಮುಂದೆ ತೊಂಬತ್ತು ಅಂಕೆಗಳೂ ಇರುವ ಹಲಗೆಯುಂಟು. ಅದು ಹದಿನೈದರ ಆರು ಭಾಗಗಳಾಗಿ ವಿಂಗಡವಾಗಿರುವುದರಿಂದ ಆರು ಚೀಟಿಗಳ ಹಣವನ್ನು ಕೊಟ್ಟು ಆಕೆಯೂ ಆಡಬಹುದು.

ಇಷ್ಟು ನಿರುಪದ್ರವವಾದ ಆಟಕ್ಕೆ ಚರಿತ್ರೆಯೇನಿದ್ದೀತು ಎಂದು ವಾಚಕರು ಕೇಳಬಹುದು. ಇದರ ತಾಯಿಯು ನಿರುಪದ್ರವಳಲ್ಲ, ಚರಿತ್ರೆಯೆಲ್ಲವೂ ಅಲ್ಲಿದೆ.

ಹದಿನಾರನೆಯ ಶತಮಾನದಲ್ಲಿ ಉತ್ತರ ಇಟಲಿಯ ಜಿನೋವಾ ಗಣರಾಜ್ಯದಲ್ಲಿ ಆಡಳಿತಸಭೆಗೆ ಸದಸ್ಯರನ್ನು ಚೀಟಿಯೆತ್ತಿ ಆರಿಸುವ ಪದ್ಧತಿಯಿದ್ದಿತು. ನಮ್ಮ ಉತ್ತರಮೇರೂರಿನ ಶಾಸನದ ಕುಡವೋಲೆಯ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ಯೋಗ್ಯರೆಂದು ಗೊತ್ತುಮಾಡಿದ ನಾಗರಿಕರ ಹೆಸರುಗಳನ್ನು ಪಾತ್ರೆಯೊಂದರಲ್ಲಿ ಹಾಕಿ ಐದನ್ನು ಎತ್ತುತ್ತಿದ್ದರು. ವ್ಯಾಪಾರಿಗಳ ಊರು ಸುಮ್ಮನಿದ್ದೀತೆ? ಯಾರ ಹೆಸರು ಬರುವುದೆಂದು ಪಣವೊಡ್ಡುವುದು ಮೊದಲಾಯಿತು. ಕಾಲಕ್ರಮದಲ್ಲಿ ಹೆಸರುಗಳು ಹೋಗಿ ಅಂಕೆಗಳು ಉಳಿದುವು: ತೊಂಬತ್ತರಲ್ಲಿ ಐದು. ಇದೇ ‘ಲೊತ್ತೊ’. ಇದು ನೇಪಲ್ಸಿಗೆ 1682ರಲ್ಲಿ ಬಂದಿತು. ತೊಂಬತ್ತು ಅಂಕೆಗಳಿಗೆ ತೊಂಬತ್ತು ಬಡ ಕನ್ಯೆಯರ ಹೆಸರನ್ನು ಹೊಂದಿಸಿ, ಗೆದ್ದ ಐದು ಅಂಕೆಗಳ ಕನ್ಯೆಯರಿಗೆ ಮದುವೆಯ ಹಣವನ್ನು ಕೊಡುವ ಪದ್ಧತಿಯೂ ಇದ್ದಿತು. ಅಂಕೆಗಳನ್ನೆತ್ತಲು ಕಣ್ಣಿಗೆ ಬಟ್ಟೆ ಕಟ್ಟಿದ ಅನಾಥ ಬಾಲಕನನ್ನು ನಿಲ್ಲಿಸುವರು. ದಾನದ ಮುಸುಕನ್ನು ಹಾಕಿಕೊಂಡು ಜೂಜು ಊರೊಳಗೆ ಬಂದ ಬಗೆಯಿದು.

ಈ ಲೊತ್ತೊವು ಬಡವರನ್ನು ಹೇಗೆ ಹೀರಿತೆಂಬುದನ್ನು ನೇಪಲ್ಸಿನ ಲೇಖಕಿ ಮತಿಲ್ದೆ ಸೆರಾವೊ 1884ರಲ್ಲಿ ತನ್ನ ಊರಿನ ಕೇರಿಗಳನ್ನು ಕುರಿತು ಬರೆದ ಗ್ರಂಥದಲ್ಲಿಯೂ, 1891ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿಯೂ ಚಿತ್ರಿಸಿದ್ದಾಳೆ. ಗಣಿತದಿಂದ ನೋಡಿದರೂ ಸಾಕು. ತೊಂಬತ್ತರಲ್ಲಿ ಐದನ್ನು ಎತ್ತಿದಾಗ, ಮೊದಲೇ ಹೇಳಿದ ಒಂದು ಜೋಡಿ ಆ ಐದರಲ್ಲಿ ಬರುವ ಸಂಭವವು ಸುಮಾರು 400ಕ್ಕೆ ಒಂದು. ಹೇಳಿದ ಮೂರೂ ಬರುವ ಸಂಭವವು 11,748ಕ್ಕೆ ಒಂದು. ಇಂದಿನ ಇಟಲಿಯ ಸರ್ಕಾರಿ ಲೊತ್ತೊದಲ್ಲಿ ಜೋಡಿಗೆ ಪಣದ 250ರಷ್ಟನ್ನೂ ಮೂರಕ್ಕೆ 4,500ರಷ್ಟನ್ನೂ ಕೊಡುತ್ತಾರೆ. ಎಂದರೆ ಜೋಡಿಯ ಆಟದಲ್ಲಿ ನೂರು ನಾಣ್ಯಕ್ಕೆ ಸುಮಾರು ಮೂವತ್ತೆಂಟೂ, ಮೂರರ ಆಟದಲ್ಲಿ ಸುಮಾರು ಅರವತ್ತೆರಡೂ ಆಡಿದವರಿಗೆ ಮರಳುವುದೇ ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನು ಗೆದ್ದ ಪಣದಲ್ಲಿ ನೂರಕ್ಕೆ ಐದನ್ನು ತೆಗೆದುಕೊಳ್ಳಬೇಕೆಂದಿದೆ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಸಭಿಕನ ಪಾಲು ನೂರಕ್ಕೆ ಐದು, ಕೆಲವೆಡೆ ಹತ್ತು. ನಮ್ಮ ಕಲ್ಯಾಣಪಟ್ಟಣದಲ್ಲಿ ಕುಳಿತು ಆ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಈ ನೇಪಲ್ಸಿನ ಲೆಕ್ಕವನ್ನು ನೋಡಿದ್ದರೆ ಇದನ್ನು ದ್ಯೂತಪ್ರಕರಣದಿಂದ ತೆಗೆದು ಸ್ತೇಯಪ್ರಕರಣದಲ್ಲಿ ಸೇರಿಸುತ್ತಿದ್ದನೋ ಏನೋ!

1734ನೆಯ ಇಸವಿಯಲ್ಲಿ ಸ್ಪೆಯಿನ್ ದೇಶದ ರಾಜಪುತ್ರನಾದ ಕಾರ್ಲೊ ಎಂಬವನು ನೇಪಲ್ಸನ್ನು ಗೆದ್ದು ಸಿಂಹಾಸನವೇರಿದನು. ಆಗ ಅವನಿಗೆ ಹದಿನೆಂಟು ವರ್ಷ. ಬೊಕ್ಕಸಕ್ಕೆ ಹಣ ಬೇಕಾಗಿದ್ದಿತು. ಗುಟ್ಟಾಗಿ ಆಡುವ ಲೊತ್ತೊದ ಹಣವೆಲ್ಲ ಕಳ್ಳರ ಪಾಲಾಗುತ್ತಿದ್ದಿತು. ಆದುದರಿಂದ ಅದನ್ನು ರಾಜ್ಯದ ಆಡಳಿತಕ್ಕೊಳಪಡಿಸಿ ಬಹಿರಂಗವಾಗಿ ನಡೆಸಬೇಕೆಂದು ಅವನ ಸಂಕಲ್ಪ. ಇದಕ್ಕೆ ಅಡ್ಡ ನಿಂತವನು ಗ್ರೆಗೋರಿಯೊ ಮಾರಿಯಾ ರೊಕ್ಕೊ ಎಂಬ ಡೊಮಿನಿಕನ್ ಪಂಥದ ಸಂನ್ಯಾಸಿ. 1700ರಲ್ಲಿ ಹುಟ್ಟಿ 1782ರಲ್ಲಿ ತೀರಿಕೊಂಡ ಈತನು ಬೀದಿಬೀದಿಗಳಲ್ಲಿ ನಿಂತು ಆಡುಮಾತಿನಲ್ಲಿ ಉಪದೇಶಿಸುತ್ತಿದ್ದವನು. ಕತ್ತಲೆಯ ಸಂದಿಗಳಲ್ಲಿ ಕಳ್ಳತನ ಹೆಚ್ಚಿದ್ದಾಗ, ಮೂಲೆಮೂಲೆಗೆ ಒಂದು ದೇವತಾಪಟವನ್ನು ಇರಿಸಿ ಅದರ ಮುಂದೆ ದೀಪವಿಡಿರೆಂದು ಕೇರಿಯವರನ್ನೇ ಒಪ್ಪಿಸಿದನು. ದೇವರ ದೀಪವೇ ಬೀದಿಯ ದೀಪವಾಯಿತು. ಭಿಕ್ಷುಕರಿಗಾಗಿ ದೊಡ್ಡದೊಂದು ಆಶ್ರಯಮಂದಿರವನ್ನು ಕಟ್ಟಿಸಬೇಕೆಂದು ಇದೇ ರಾಜನನ್ನು ಪ್ರೇರಿಸಿದವನೂ ಈತನೇ. ಮನೆಮನೆಯಲ್ಲಿ ಗೋದಲಿಯ ಬೊಂಬೆಗಳನ್ನು ಕೂಡಿಸುವ ಆಚಾರವನ್ನು ಹಬ್ಬಿಸಿದವರಲ್ಲಿಯೂ ಈತನು ಮುಖ್ಯನು. ರಾಜನಿಗೂ ಆ ಬೊಂಬೆಗಳೆಂದರೆ ಬಹು ಪ್ರೀತಿ.

ಇಬ್ಬರ ವಾದವೂ ತಳ್ಳಿಹಾಕುವಂಥದಲ್ಲ. ಮುಚ್ಚಿಟ್ಟರೆ ಕೇಡು ಬೆಳೆಯುವುದೆಂದು ರಾಜನು. ರಾಜಮುದ್ರೆಯನ್ನೊತ್ತಿದರೆ ಕೇಡೇ ಧರ್ಮವಾಗುವುದೆಂದು ಸಂನ್ಯಾಸಿ. ನಮ್ಮ ಶಾಸ್ತ್ರಕಾರರಲ್ಲಿಯೂ ಈ ವಿವಾದವುಂಟು. ದ್ಯೂತವನ್ನೂ ಪ್ರಾಣಿಗಳನ್ನು ಕಾದಿಸುವ ಸಮಾಹ್ವಯವನ್ನೂ ರಾಜನು ರಾಷ್ಟ್ರದಿಂದಲೇ ತೊಲಗಿಸಬೇಕೆಂದು ಮನುವಿನ ಮತ. ಅದನ್ನು ಒಂದೇ ಸ್ಥಳದಲ್ಲಿ, ಅಧಿಕಾರಿಯ ಕಣ್ಣೆದುರಿಗೆ ನಡೆಯಿಸಬೇಕು, ಗುಟ್ಟಾಗಿ ಜೀವಿಸುವ ದುಷ್ಟರು ಆಗ ಗೊತ್ತಾಗುವರು ಎಂದು ಕೌಟಿಲ್ಯನ ಮತ. ರೊಕ್ಕೊ ಮನುವಿನ ಪಕ್ಷ, ಕಾರ್ಲೊ ಕೌಟಿಲ್ಯನ ಪಕ್ಷ ಎಂದರಾಯಿತು.

ಕಡೆಗೆ, ನೇಪಲ್ಸಿನವರು ವಂಶಪರಂಪರೆಯಾಗಿ ಹೇಳಿಕೊಂಡು ಬಂದಿರುವ ಪ್ರಕಾರ, ಒಂದು ಒಡಂಬಡಿಕೆಯಾಯಿತು. ಲೊತ್ತೊ ನಡೆಯಲಿ, ಆದರೆ ಕ್ರಿಸ್ತಜಯಂತಿಯ ವಾರದಲ್ಲಿ, ಜನರು ಪ್ರಾರ್ಥನೆಯಲ್ಲಿ ಮನಸ್ಸಿಡತಕ್ಕ ಆ ದಿನಗಳಲ್ಲಿ, ನಿಲ್ಲತಕ್ಕದ್ದು. ರಾಜನು ಒಪ್ಪಿದನು, ಸಂನ್ಯಾಸಿಯೂ ಒಪ್ಪಿದನು. ಒಪ್ಪದವರು ಜನರು. ಅಂಗಡಿ ಮುಚ್ಚಿದರೇನು, ಅಂಕೆಗಳನ್ನು ಯಾರು ಮುಚ್ಚಬಲ್ಲರು? ತೊಂಬತ್ತು ಅಂಕೆಗಳನ್ನು ಮನೆಯ ಬುಟ್ಟಿಗೆ ತುಂಬಿಕೊಂಡರು, ಚೀಟಿಗಳನ್ನು ಕೈಯಿಂದ ಬರೆದುಕೊಂಡರು, ಅಡಿಗೆಮನೆಯಿಂದ ಕಾಳು ತಂದುಕೊಂಡರು. ತೊಂಬೊಲ ಹುಟ್ಟಿತು. ಬುಟ್ಟಿಯೊಳಗೆ ತುಣುಕುಗಳು ಉರುಳಾಡುವುದರಿಂದ, ಉರುಳು ಎಂಬರ್ಥದ ಇಟಲಿಯ ಧಾತುವಿನಿಂದ ಈ ಹೆಸರು ಬಂದಿದೆಯೆಂದು ಹೇಳುತ್ತಾರೆ.

ಈ ಕಥೆಯಲ್ಲಿ ಸಂನ್ಯಾಸಿ ಸೋತನೆಂದು ಹೇಳುವುದು ವಾಡಿಕೆ. ಅದು ಪೂರ್ತಿ ಸರಿಯಾಗಿ ಕಾಣುವುದಿಲ್ಲ. ಬುಟ್ಟಿಯೊಳಕ್ಕೆ ಬಂದಾಗ ಆಟದ ಸ್ವರೂಪವೇ ಬದಲಾಯಿತು. ಇಪ್ಪತ್ತುನಾಲ್ಕು ಚೀಟಿಗಳು, ಚೀಟಿಗೆ ಒಂದು ನಾಣ್ಯ ಎಂದಿಟ್ಟುಕೊಳ್ಳೋಣ. ಎರಡು ಕೂಡಿದವನಿಗೆ ಎರಡು, ಮೂರಕ್ಕೆ ಮೂರು, ನಾಲ್ಕಕ್ಕೆ ನಾಲ್ಕು, ಐದಕ್ಕೆ ಐದು, ತುಂಬಿದ ಚೀಟಿಗೆ ಹತ್ತು. ಅಲ್ಲಿಗೆ ಇಪ್ಪತ್ತುನಾಲ್ಕೂ ಮುಗಿಯಿತು. ಒಂದು ಕಾಸೂ ಹೊಸಿಲು ದಾಟಲಿಲ್ಲ. ಅತ್ತೆಯ ಕೈಯಿಂದ ಹೋದುದು ಸೊಸೆಯ ಕೈಗೆ, ಅಜ್ಜನದು ಮೊಮ್ಮಗಳಿಗೆ. ಲೊತ್ತೊದಲ್ಲಿ ಯಾರೂ ಗೆಲ್ಲದ ವಾರವೂ ಇರಬಹುದು. ಇಲ್ಲಿ ಯಾರಾದರೊಬ್ಬರು ಗೆಲ್ಲುವವರೆಗೆ ಆಟ ನಿಲ್ಲುವುದೇ ಇಲ್ಲ. ಜಾಣತನಕ್ಕೆ ಎಡೆಯಿಲ್ಲದುದರಿಂದ ಆರು ವರ್ಷದ ಮಗುವೂ ಅರವತ್ತರ ವಕೀಲನೂ ಇಲ್ಲಿ ಸಮಾನರು. ಪಗಡೆಯಲ್ಲಿಯೂ ಚದುರಂಗದಲ್ಲಿಯೂ ಇದು ಸಾಧ್ಯವಿಲ್ಲ.

ಇನ್ನು ಕೂಗುವ ಬಗೆ. ಇದು ಆಟದ ಜೀವ. ನೇಪಲ್ಸಿನಲ್ಲಿ ‘ಸ್ಮೋರ್ಫಿಯ’ ಎಂಬ ಸ್ವಪ್ನಶಾಸ್ತ್ರವುಂಟು. ಕನಸಿನಲ್ಲಿ ಕಂಡುದನ್ನು ಅಂಕೆಗೆ ತಿರುಗಿಸಿ ಲೊತ್ತೊದಲ್ಲಿ ಪಣವೊಡ್ಡುವುದಕ್ಕಾಗಿ ಹುಟ್ಟಿದ ಶಾಸ್ತ್ರವದು. ಸ್ವಪ್ನದೇವನಾದ ಮಾರ್ಫಿಯಸನ ಹೆಸರಿನಿಂದ ಆ ಪದ ಬಂದಿದೆಯೆಂಬ ಅಭಿಪ್ರಾಯವುಂಟು. ಅದರಂತೆ 3 ಎಂದರೆ ಬೆಕ್ಕು, 4 ಹಂದಿ, 5 ಕೈ, 10 ಕಾಳು, 13 ಸಂತ ಅಂತೋನಿ, 17 ಆಪತ್ತು, 22 ಹುಚ್ಚ, 23 ಪೆದ್ದ, 25 ಕ್ರಿಸ್ತಜಯಂತಿ, 33 ಕ್ರಿಸ್ತನ ವಯಸ್ಸು, 47 ಸತ್ತವನು, 48 ಮಾತಾಡುವ ಸತ್ತವನು, 50 ರೊಟ್ಟಿ, 90 ಭಯ. 1ಕ್ಕೆ ಇಟಲಿಯೆಂದು ಅರ್ಥ. ಇಟಲಿಯು ಒಂದು ರಾಜ್ಯವಾದದ್ದು 1861ರಲ್ಲಿ, ಆದುದರಿಂದ ಈ ಅರ್ಥವು ತೊಂಬೊಲಕ್ಕಿಂತ ಕಿರಿಯದೆಂದು ಊಹಿಸಬಹುದು. ತೀರಿಹೋದ ತಂದೆ ಕನಸಿನಲ್ಲಿ ಬಂದು ಮಾತಾಡಿದರೆ ಮಗನು ಅಳುವ ಮೊದಲು 48ರ ಮೇಲೆ ಹಣ ಕಟ್ಟುವನೆಂಬ ಪರಿಹಾಸವು ಲೊತ್ತೊದ ಕ್ರೌರ್ಯವನ್ನು ಹೇಳುತ್ತದೆ. ಅದೇ ಶಾಸ್ತ್ರವು ಮನೆಯ ಆಟಕ್ಕೆ ಬಂದಾಗ ಬರಿಯ ನಗೆಯಾಯಿತು. ಹಿರಿಯಳು ಅಂಕೆಯನ್ನು ಹೇಳುವುದಿಲ್ಲ, “ಹುಚ್ಚ!” ಎಂದು ಕೂಗಿ ಅಳಿಯನ ಮುಖವನ್ನು ನೋಡುತ್ತಾಳೆ. 25 ಬಂದರೆ ಎಲ್ಲರೂ ಚಪ್ಪಾಳೆ. ಪೆದ್ದನ ಮೇಲೆ ಕಾಳಿಡುವವನನ್ನು ಮಕ್ಕಳು ಬಿಡುವುದಿಲ್ಲ.

ಸಂಸ್ಕೃತವನ್ನೋದಿದವರಿಗೆ ಇಲ್ಲಿ ನಮ್ಮ ಭೂತಸಂಖ್ಯೆಯ ನೆನಪು ಬಾರದಿರದು. ಚಂದ್ರನೆಂದರೆ 1, ನೇತ್ರ 2, ಅಗ್ನಿ 3, ವೇದ 4, ಬಾಣ 5, ಋತು 6, ಋಷಿ 7, ಗಜ 8, ಗ್ರಹ 9, ರುದ್ರ 11, ಆದಿತ್ಯ 12, ತಿಥಿ 15, ನಕ್ಷತ್ರ 27, ದಂತ 32. ಅವರು 33ಕ್ಕೆ ಕ್ರಿಸ್ತನ ವಯಸ್ಸೆಂದರೆ ನಾವು ದೇವತೆಗಳೆಂದೆವು. ಶಾಸನಗಳಲ್ಲಿ ಶಕವರ್ಷವನ್ನೂ ಜ್ಯೋತಿಷದಲ್ಲಿ ಗ್ರಹಭಗಣಗಳನ್ನೂ ಛಂದಸ್ಸಿನೊಳಗೆ ಕೂಡಿಸಲು ಹುಟ್ಟಿದ ಉಪಾಯವದು. ಅವರದು ಕನಸಿನಿಂದ ಅಂಕೆಗೆ, ನಮ್ಮದು ಅಂಕೆಯಿಂದ ಪದ್ಯಕ್ಕೆ. ಹಬ್ಬ ಮತ್ತು ಪಣಗಳ ಸಂಬಂಧವೂ ನಮ್ಮಲ್ಲಿ ವಿಪರ್ಯಯವಾಗಿದೆ. ಅಲ್ಲಿ ಹಬ್ಬದ ದಿನ ನಿಷೇಧ. ಇಲ್ಲಿ ವರ್ಷವಿಡೀ ನಿಂದಿತವಾದ ದ್ಯೂತಕ್ಕೆ ಕಾರ್ತಿಕ ಶುದ್ಧ ಪಾಡ್ಯದ ಒಂದು ದಿನ ಅನುಮತಿ. ಬಲಿಪಾಡ್ಯಮಿಗೆ ದ್ಯೂತಪ್ರತಿಪತ್ತೆಂದೂ ಹೆಸರಿದೆ. ಅಂದು ಪಾರ್ವತಿಯು ಶಿವನನ್ನು ಗೆದ್ದಳೆಂದು ಪುರಾಣ. ಎರಡೂ ಕಡೆಗಳಲ್ಲಿ ಗೃಹಿಣಿಯ ಕೈ ಮೇಲಾದುದು ಗಮನಿಸತಕ್ಕ ಸಂಗತಿ.

ತೊಂಬೊಲವು ಫ್ರಾನ್ಸಿಗೂ ರಷ್ಯಕ್ಕೂ ‘ಲೋಟೊ’ ಎಂಬ ಹೆಸರಿನಿಂದ ಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯವರು ಇದನ್ನು ಮಕ್ಕಳಿಗೆ ಮಗ್ಗಿ ಕಲಿಸಲು ಉಪಯೋಗಿಸಿದರು. ಉಪಾಧ್ಯಾಯರು ಮೆಚ್ಚತಕ್ಕ ಬುದ್ಧಿ. ಆಂಗ್ಲರ ಭೂಸೈನ್ಯದಲ್ಲಿ ಇದಕ್ಕೆ ‘ಹೌಸ್’ ಎಂದೂ ನೌಕಾಸೈನ್ಯದಲ್ಲಿ ‘ತೊಂಬೊಲ’ವೆಂದೂ ಹೆಸರು; ಸಿಪಾಯಿಗಳ ಇತರ ಜೂಜುಗಳನ್ನು ನಿಷೇಧಿಸಿದ್ದ ಸೈನ್ಯವು ಇದೊಂದಕ್ಕೆ ಮಾತ್ರ ಅಡ್ಡಿಮಾಡಲಿಲ್ಲ. ಅಮೆರಿಕೆಯಲ್ಲಿ 1929ರಿಂದೀಚೆಗೆ ‘ಬಿಂಗೊ’ ಎಂಬ ರೂಪದಲ್ಲಿ, ಐದೈದು ಮನೆಗಳ ಚೀಟಿಯೊಡನೆ ಪ್ರಸಿದ್ಧವಾಯಿತು. ಅದಕ್ಕೆ ಮುಂಚಿನ ಹೆಸರಿನಲ್ಲಿ ಚೀಟಿಯ ಮೇಲಿಡುತ್ತಿದ್ದ ಕಾಳಿನ ಗುರುತಿದ್ದಿತು.

ನಮ್ಮ ದೇಶಕ್ಕೆ ಇದು ಆಂಗ್ಲರ ಕ್ಲಬ್ಬುಗಳಿಂದ ಬಂದು, ಬೆಂಗಳೂರು ಮೈಸೂರುಗಳ ಮಹಿಳಾಸಮಾಜಗಳನ್ನು ಹಾದು, ಮದುವೆಯ ಮನೆಗಳಿಗೂ ಹಬ್ಬದ ಕೂಟಗಳಿಗೂ ಇಳಿದಿದೆ. ಮೂರು ಸಾಲು, ಒಂಬತ್ತು ಮನೆ, ಹದಿನೈದು ಅಂಕೆ, ಒಟ್ಟು ತೊಂಬತ್ತು. ನೇಪಲ್ಸಿನ ಚೀಟಿಯಲ್ಲಿ ಒಂದು ಗೆರೆಯೂ ವ್ಯತ್ಯಾಸವಾಗಿಲ್ಲ. ಬಹುಮಾನಗಳು ಮಾತ್ರ ಬೇರೆ: ಮೊದಲೈದು, ಮೇಲಿನ ಸಾಲು, ನಡುವಿನ ಸಾಲು, ಕೆಳಗಿನ ಸಾಲು, ನಾಲ್ಕು ಮೂಲೆ, ಪೂರ್ತಿ ಮನೆ. ಕೂಗುವ ಮಾತುಗಳು ಆಂಗ್ಲರವು. 22ಕ್ಕೆ ಎರಡು ಬಾತುಕೋಳಿ, 88ಕ್ಕೆ ಇಬ್ಬರು ದಪ್ಪ ಹೆಂಗಸರು. ಬೆಂಗಳೂರಿನ ಅಜ್ಜಿಗೆ ಈ ಬಾತುಕೋಳಿಗಳ ಗುರುತೇನು? ಭೂತಸಂಖ್ಯೆಯಿಂದ ಕೂಗಿದರೆ ಮಕ್ಕಳಿಗೆ ಅದೂ ಬಂದೀತು, ನಗೆಯೂ ಬಂದೀತು. ಅಂಕೆಗಳು ಎಡಕ್ಕೆ ನಡೆಯುವುವೆಂಬ ನಿಯಮದಂತೆ ಋಷಿ-ವೇದವೆಂದರೆ 47, ಗಜ-ವೇದವೆಂದರೆ 48. ನೇಪಲ್ಸಿನ ಇಬ್ಬರು ಸತ್ತವರ ಸ್ಥಾನದಲ್ಲಿ ನಮಗೆ ಎರಡು ಸಾರಿ ವೇದವು ದೊರೆಯಿತು.

ಮನೆಯಲ್ಲಿಯೇ ಸಾಮಗ್ರಿಯನ್ನು ಸಿದ್ಧಪಡಿಸುವವರು ಹಳೆಯ ದಿನಸೂಚಿಯ ಅಂಕೆಗಳನ್ನು ಕತ್ತರಿಸಿಕೊಳ್ಳಬಹುದು; 31ರ ಮೇಲಿನ 59 ಅಂಕೆಗಳನ್ನು ಕೈಯಿಂದ ಬರೆಯಬೇಕಾಗುತ್ತದೆ. ಕಾಳಿಗೆ ಹುಣಿಸೆಬೀಜ ಸಾಕು. ಚೀಟಿಯ ಮೊದಲನೆಯ ಕಂಬದಲ್ಲಿ 1 ರಿಂದ 9, ಎರಡನೆಯದರಲ್ಲಿ 10 ರಿಂದ 19, ಹೀಗೆಯೇ ಮುಂದುವರಿದು ಕಡೆಯದರಲ್ಲಿ 80 ರಿಂದ 90 ಬರತಕ್ಕದ್ದು. ಆ 90ಕ್ಕೆ ಭೂತಸಂಖ್ಯೆಯಲ್ಲಿ ಖ-ಗ್ರಹವೆನ್ನಬೇಕು. ಖ ಎಂದರೆ ಆಕಾಶ, ಎಂದರೆ ಸೊನ್ನೆ. ನೇಪಲ್ಸಿನವರು ಅದೇ ತುಣುಕನ್ನೆತ್ತಿದಾಗ “ಭಯ!” ಎಂದು ಕೂಗುತ್ತಾರೆ.