ಹಲ್ಲು ಹೊತ್ತ ಅಪವಾದ

ಕೂಸಿಗೆ ಭೇದಿಯಾದರೆ “ಹಲ್ಲು ಬರುತ್ತಿದೆ, ಬಿಡು” ಎಂದು ಸಮಾಧಾನ ಹೇಳುವ ಅಜ್ಜಿಯರು ನಮ್ಮಲ್ಲಿ ಮಾತ್ರ ಇದ್ದವರಲ್ಲ. ಹದಿನೇಳನೆಯ ಶತಮಾನದ ಲಂಡನ್ನಿನ ಮರಣಪಟ್ಟಿಗಳಲ್ಲಿ ಪ್ಲೇಗು, ಕ್ಷಯಗಳ ಜೊತೆಯಲ್ಲಿಯೇ ‘ಹಲ್ಲು’ ಎಂಬುದೂ ಸಾವಿನ ಒಂದು ಕಾರಣವಾಗಿ ದಾಖಲಾಗಿದೆ. ಈ ಅಪವಾದದಿಂದ ಹಲ್ಲು ಪಾರಾಗುವುದಕ್ಕೆ ಬಹುಕಾಲ ಹಿಡಿಯಿತು. ಪಂಜಾಬಿನ ಕೆಲವು ಹಳ್ಳಿಗಳೂ ಅದಕ್ಕೆ ಸಾಕ್ಷಿ ನುಡಿದಿವೆ.

ಲೂಧಿಯಾನಾ ಜಿಲ್ಲೆಯ ಖನ್ನಾ ಪಟ್ಟಣದ ಸುತ್ತಮುತ್ತ 1950ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಜಾನ್ ಗಾರ್ಡನ್, ಜಾನ್ ವೈಯನ್ ಮೊದಲಾದವರು ಕೈಗೊಂಡದ್ದು ಸಂತಾನ ನಿಯಂತ್ರಣದ ಅಧ್ಯಯನ. ಹುಟ್ಟು ಸಾವುಗಳ ಲೆಕ್ಕಕ್ಕೆಂದು ಮನೆಮನೆಗೆ ಹೋದಾಗ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ತಾಯಿಯ ಹಾಲನ್ನೇ ನಂಬಿದ ಮೊದಲ ತಿಂಗಳುಗಳಲ್ಲಿ ಭೇದಿಯ ಕಾಟ ಕಡಿಮೆ. ಮೇಲಿನ ಆಹಾರ ಬಾಯಿಗೆ ಬೀಳತೊಡಗಿದಂತೆ ಅದು ಏರುತ್ತದೆ. ಕೈ, ಪಾತ್ರೆ, ನೊಣ, ತಂಗಳು, ಎಲ್ಲದರ ಸಂಪರ್ಕವೂ ಮಗುವಿಗೆ ಆಗುವುದು ಆಗಲೇ. 1963ರಲ್ಲಿ ಗಾರ್ಡನ್ನರೂ ಸಂಗಡಿಗರೂ ಇದನ್ನು ‘ಹಾಲು ಬಿಡುವ ಕೂಸಿನ ಭೇದಿ’ ಎಂಬರ್ಥದ ಹೆಸರಿನಿಂದ ಕರೆದರು. ಹಲ್ಲು ಮೂಡುವ ಕಾಲವೂ ಅದೇ ಅಲ್ಲವೆ? ಅಜ್ಜಿಯರು ಹೊತ್ತನ್ನು ಸರಿಯಾಗಿಯೇ ಗುರುತಿಸಿದ್ದರು. ಕಳ್ಳನನ್ನು ಮಾತ್ರ ತಪ್ಪಾಗಿ ಹಿಡಿದಿದ್ದರು.

ಹಾಗಾದರೆ ಕೊಳೆಯೊಂದೇ ಅಪರಾಧಿಯೆ? ನೆವಿನ್ ಸ್ಕ್ರಿಮ್‌ಶಾ ಮತ್ತು ಇದೇ ಗಾರ್ಡನ್ 1959ರಿಂದ 1964ರವರೆಗೆ ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಮೂರು ಹಳ್ಳಿಗಳನ್ನು ಆರಿಸಿಕೊಂಡು ಪರೀಕ್ಷಿಸಿದರು. ಒಂದರಲ್ಲಿ ಮಕ್ಕಳಿಗೆ ಪುಷ್ಟಿಕರವಾದ ಹೆಚ್ಚಿನ ಆಹಾರ. ಇನ್ನೊಂದರಲ್ಲಿ ವೈದ್ಯರ ನೆರವು, ನೈರ್ಮಲ್ಯದ ಏರ್ಪಾಡು. ಮೂರನೆಯದನ್ನು ಹೋಲಿಕೆಗಾಗಿ ಇದ್ದ ಹಾಗೆಯೇ ಬಿಟ್ಟರು. (ಕಲ್ಲೆದೆಯ ಕೆಲಸವೆಂದು ಓದುಗರಿಗೆ ತೋರಿದರೆ ನಾನು ವಾದಿಸಲಾರೆ.) ವೈದ್ಯರಿದ್ದ ಹಳ್ಳಿಯಲ್ಲಿ ಭೇದಿ ಎಣಿಸಿದಷ್ಟು ಇಳಿಯಲಿಲ್ಲ. ಹೊಟ್ಟೆಗಿಲ್ಲದ ಮಗುವಿಗೆ ಭೇದಿ ಬೇಗ ಬಿಡುವುದಿಲ್ಲ. ಭೇದಿಯಾದ ಮಗುವಿಗೆ ಹಸಿವೇ ಹುಟ್ಟುವುದಿಲ್ಲ. ಅದರ ಮೇಲೆ, ಕರುಳಿಗೆ ವಿಶ್ರಾಂತಿಯೆಂದು ಹಿರಿಯರು ಅನ್ನ ನಿಲ್ಲಿಸಿ ಗಂಜಿಯ ತಿಳಿಯನ್ನಷ್ಟೇ ಕೊಡುವ ವಾಡಿಕೆ! ಈಗಿನ ವೈದ್ಯರು ಹೇಳುವುದು ಇದಕ್ಕೆ ತೀರ ವಿರುದ್ಧ: ಎದೆಹಾಲನ್ನೂ ಆಹಾರವನ್ನೂ ನಿಲ್ಲಿಸಬೇಡಿ, ಉಪ್ಪು ಸಕ್ಕರೆ ಬೆರೆತ ನೀರನ್ನು ಕುಡಿಸುತ್ತಿರಿ ಎಂದು.

ಆ ಮೂರರಲ್ಲಿ ಒಂದಾದ ಸಾಂತಾ ಮರಿಯಾ ಕೌಕೆಯಲ್ಲಿ 1964ರಿಂದ ಲಿಯೊನಾರ್ಡೊ ಮಾತಾ ಎಂಬ ವಿಜ್ಞಾನಿ 45 ಮಕ್ಕಳನ್ನು ಹುಟ್ಟಿದಂದಿನಿಂದ ವರ್ಷಗಟ್ಟಲೆ ತೂಗಿ ನೋಡಿದರು. ಸಣ್ಣಗೆ ಹುಟ್ಟಿದ ಕೂಸುಗಳೂ ಮೊದಮೊದಲು ಎದೆಹಾಲಿನಲ್ಲಿ ಚೆನ್ನಾಗಿಯೇ ಬೆಳೆಯುತ್ತಿದ್ದವು. ಆಮೇಲೆ, ಒಂದರ ಬೆನ್ನಿಗೆ ಒಂದರಂತೆ ಭೇದಿ ಬಂದ ತಿಂಗಳುಗಳಲ್ಲಿ, ತೂಕದ ಗೆರೆ ಏರುವುದನ್ನು ಬಿಟ್ಟು ಅಡ್ಡ ಮಲಗುತ್ತಿತ್ತು.