ಫಾರ್ಮಾಲಿನ್ನಿನ ಅಳತೆ: ಸೊರಬ-ಶಿಕಾರಿಪುರ ಸೀಮೆಯ ಮಂಗನ ಕಾಯಿಲೆಯ ಇತಿಹಾಸದಿಂದ ಒಂದು ಪಾಠ

ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಫಾರ್ಮಾಲಿನ್ನಿನಷ್ಟು ಪರಿಚಿತವಾದ ದ್ರವ ಮತ್ತೊಂದಿರಲಾರದು. ಕಪಾಟಿನ ಗಾಜಿನ ಭರಣಿಗಳಲ್ಲಿ ಹಾವು, ಮೀನು, ಕಪ್ಪೆಗಳನ್ನು ವರ್ಷಗಟ್ಟಲೆ ಕೆಡದಂತೆ ಕಾಪಾಡಿರುವುದು ಇದೇ. ಅತಿಪರಿಚಯದ ಫಲವಾಗಿ ಇದರ ವಿಷಗುಣವನ್ನು ನಾವು ಮರೆಯುತ್ತ ಬಂದಿದ್ದೇವೆ. ಮಲೆನಾಡಿನ ಮಂಗನ ಕಾಯಿಲೆಗೆ ಲಸಿಕೆಯನ್ನು ಸಿದ್ಧಪಡಿಸುವಲ್ಲಿಯೂ ಇದೇ ದ್ರವ ಮುಖ್ಯ ಸಾಧನವಾಗಿತ್ತೆಂಬುದು ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಆ ಇತಿಹಾಸವನ್ನು ಸಂಕ್ಷೇಪವಾಗಿ ನಿರೂಪಿಸಿ, ಪ್ರಯೋಗಶಾಲೆಯಲ್ಲಿ ಈ ವಿಷವನ್ನು ಬಳಸುವವರು ಅದರಿಂದ ಕಲಿಯಬೇಕಾದುದೇನೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

1957ರ ಬೇಸಗೆಯಲ್ಲಿ, ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಗೆ ಸೇರಿದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸಾಯತೊಡಗಿದವು. ಅದೇ ಸಮಯಕ್ಕೆ ಸೌದೆಗೆಂದೂ ಸೊಪ್ಪಿಗೆಂದೂ ಕಾಡಿಗೆ ಹೋಗಿ ಬಂದ ಹಳ್ಳಿಗರು ತೀವ್ರವಾದ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಬಂದು ಪರಿಶೀಲನೆ ನಡೆಸಿದರು. ಕೋತಿಗಳ ಸಾವನ್ನು ಕಂಡು ಹಳದಿ ಜ್ವರವೇ ಭಾರತಕ್ಕೆ ಬಂದಿತೋ ಎಂಬ ಶಂಕೆ ಮೊದಲು ಹುಟ್ಟಿತ್ತು. ಆದರೆ ದೊರೆತ ವೈರಸ್ ಉಣುಗುಗಳ ಕಡಿತದಿಂದ ಹರಡುವ, ರಷ್ಯದ ವಸಂತ-ಗ್ರೀಷ್ಮ ಮಿದುಳುಜ್ವರದ ವೈರಸ್ಸಿಗೆ ಸಮೀಪಬಂಧುವಾದ ಹೊಸದೊಂದು ವೈರಸ್ ಎಂದು ಸಿದ್ಧವಾಯಿತು. ಆ ಕಾಡಿನ ಹೆಸರೇ ಕಾಯಿಲೆಗೂ ನಿಂತಿತು. 1971ರವರೆಗೆ ಈ ರೋಗ ಬಹುಮಟ್ಟಿಗೆ ಸೊರಬ, ಶಿಕಾರಿಪುರ, ಸಾಗರ ತಾಲ್ಲೂಕುಗಳ ಎಲ್ಲೆಯೊಳಗೇ ಇತ್ತು.

ಈ ಶೋಧದಲ್ಲಿ ಫಾರ್ಮಾಲಿನ್ನಿನ ಗುಣವನ್ನು ಅರಿತಿರುವುದು ಆರಂಭದಿಂದಲೇ ಅವಶ್ಯವಾಗಿತ್ತು. ಸತ್ತ ಪ್ರಾಣಿಯ ಯಕೃತ್ತು ಮಿದುಳುಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಅವನ್ನು ಫಾರ್ಮಾಲಿನ್ನಿನಲ್ಲಿಡಬೇಕು. ವೈರಸ್ಸನ್ನು ಜೀವಂತವಾಗಿ ಬೇರ್ಪಡಿಸಬೇಕಾದರೆ ಅದೇ ಅಂಗವನ್ನು ಫಾರ್ಮಾಲಿನ್ ಸೋಕದಂತೆ ಶೀತದಲ್ಲಿ ಕಾಯ್ದಿರಿಸಬೇಕು. ಫಾರ್ಮಾಲಿನ್ನಿಗೆ ಬಿದ್ದ ತುಣುಕಿನಿಂದ ವೈರಸ್ಸನ್ನು ಬೆಳೆಸಲು ಸಾಧ್ಯವಿಲ್ಲ.

ಇದಕ್ಕೆ ಕಾರಣ ಸುಲಭವಾಗಿ ತಿಳಿಯುವಂಥದು. ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ರಷ್ಯದ ಬುಟ್ಲೆರೋವ್ 1859ರಲ್ಲಿ ಮೊದಲು ವರ್ಣಿಸಿದನು. ಜರ್ಮನಿಯ ಫರ್ಡಿನಾಂಡ್ ಬ್ಲೂಮ್ 1893ರಲ್ಲಿ ಅದರ ದ್ರಾವಣ ಅಂಗಾಂಶಗಳನ್ನು ಗಟ್ಟಿಗೊಳಿಸುವುದನ್ನು ಪ್ರಕಟಿಸಿದನು. ಈ ಅನಿಲದ ಅಣು ಪ್ರೋಟೀನುಗಳ ಎಳೆಗಳ ನಡುವೆ ಸೇತುವೆ ಕಟ್ಟಿ ಅವನ್ನು ಚಲಿಸದಂತೆ ಬಿಗಿಯುತ್ತದೆ. ನ್ಯೂಕ್ಲಿಯಿಕ್ ಆಮ್ಲದ ಮೇಲೂ ವರ್ತಿಸುತ್ತದೆ. ಹೀಗೆ ಬಿಗಿಯಲ್ಪಟ್ಟ ವೈರಸ್ ವೃದ್ಧಿಯಾಗಲಾರದು. ಆದರೆ ಅದರ ಹೊರಕವಚದ ರೂಪ ಸಾಕಷ್ಟು ಉಳಿದಿದ್ದರೆ ನಮ್ಮ ದೇಹ ಅದನ್ನು ಗುರುತಿಸಿ ರಕ್ಷಣೆಯನ್ನು ಸಿದ್ಧಪಡಿಸಿಕೊಳ್ಳುತ್ತದೆ. ವಿಷ ಕಡಮೆಯಾದರೆ ವೈರಸ್ ಬದುಕುತ್ತದೆ, ಹೆಚ್ಚಾದರೆ ಕವಚದ ರೂಪವೇ ಕೆಟ್ಟು ಲಸಿಕೆ ನಿಷ್ಫಲವಾಗುತ್ತದೆ. ಪ್ರಮಾಣ, ಉಷ್ಣತೆ, ಕಾಲ ಈ ಮೂರರ ಅಳತೆಯೇ ಇಲ್ಲಿ ಸರ್ವಸ್ವ.

ಅಳತೆ ತಪ್ಪಿದರೆ ಏನಾಗುವುದೆಂಬುದಕ್ಕೆ 1955ರಲ್ಲಿ ಅಮೆರಿಕೆಯಲ್ಲಿ ನಡೆದ ಕಟರ್ ಪ್ರಕರಣ ನಿದರ್ಶನ. ಕಾಲ ಕಳೆದಂತೆ ಪೋಲಿಯೊ ವೈರಸ್ ಒಂದೇ ಗತಿಯಲ್ಲಿ ನಾಶವಾಗುತ್ತ ಹೋಗುವುದೆಂದು ಗ್ರಹಿಸಲಾಗಿತ್ತು. ವಾಸ್ತವವಾಗಿ ಅಂಗಾಂಶದ ಚೂರುಗಳ ಮರೆಯಲ್ಲಿ ಗಂಟುಕಟ್ಟಿಕೊಂಡಿದ್ದ ಕಣಗಳಿಗೆ ಫಾರ್ಮಾಲಿನ್ ತಲುಪಲಿಲ್ಲ. ಕೊನೆಯ ಕಣಗಳು ಲೆಕ್ಕಕ್ಕಿಂತ ಬಹುಕಾಲ ಉಳಿದವು. ಆ ಲಸಿಕೆಯಿಂದ ಸುಮಾರು 200 ಮಂದಿ ಪಾರ್ಶ್ವವಾಯುವಿಗೆ ತುತ್ತಾದರು, 10 ಮಂದಿ ಮೃತರಾದರು. ಕ್ಯಾಸನೂರಿನ ಕಾಯಿಲೆ ಬೆಳಕಿಗೆ ಬಂದದ್ದು ಇದಾದ ಎರಡೇ ವರ್ಷಗಳ ಮೇಲೆ.

ಶಿವಮೊಗ್ಗದಲ್ಲಿ ಮೊದಲು ಪ್ರಯೋಗಿಸಿದ್ದು ರಷ್ಯದ ಬಂಧುವೈರಸ್ಸಿನಿಂದ ಮಾಡಿದ ಲಸಿಕೆ. ಇಲಿಗಳ ಮಿದುಳಿನಲ್ಲಿ ಬೆಳೆಸಿದ ಆ ವೈರಸ್ಸನ್ನು ಫಾರ್ಮಾಲಿನ್ನಿನಿಂದ ನಿಷ್ಕ್ರಿಯಗೊಳಿಸಲಾಗಿತ್ತು. ಅದರಿಂದ ಈ ಜ್ವರಕ್ಕೆ ನಿರೀಕ್ಷಿಸಿದ ರಕ್ಷಣೆ ದೊರೆಯಲಿಲ್ಲ. ಬಂಧುವಾದರೂ ಅದು ಬೇರೆಯ ವೈರಸ್. ಆದುದರಿಂದ ಪುಣೆಯಲ್ಲಿ ಕ್ಯಾಸನೂರಿನ ವೈರಸ್ಸನ್ನೇ ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಾಲಿನ್ನಿನಿಂದ ನಿಷ್ಕ್ರಿಯಗೊಳಿಸುವ ವಿಧಾನವನ್ನು 1960ರ ದಶಕದಲ್ಲಿ ರೂಪಿಸಿದರು. ಮುಂದಿನ ದಶಕದಲ್ಲಿ ಸಾಗರ ಮತ್ತು ಸೊರಬ ತಾಲ್ಲೂಕುಗಳ ಜನರಿಗೆ ಅದನ್ನು ಕೊಟ್ಟು, ಅವರ ರಕ್ತದಲ್ಲಿ ಉಂಟಾದ ಪ್ರತಿಕ್ರಿಯೆಯನ್ನು ಪರೀಕ್ಷಿಸಲಾಯಿತು. ಈ ಕೆಲಸ ಅಪಾಯವಿಲ್ಲದೆ ನಡೆಯಲಿಲ್ಲ. ಜೀವಂತ ವೈರಸ್ಸನ್ನು ಮುಟ್ಟಿ ದುಡಿದ ಪ್ರಯೋಗಶಾಲೆಯ ಸಿಬ್ಬಂದಿಯಲ್ಲಿಯೂ ಹಲವರಿಗೆ ಈ ಜ್ವರ ತಗುಲಿತು.

1990-92ರ ಕ್ಷೇತ್ರಪರೀಕ್ಷೆಯಲ್ಲಿ ಒಂದು ಸಲ ಚುಚ್ಚಿಸಿಕೊಂಡವರಿಗೆ ಶೇಕಡ 79.3, ಎರಡು ಸಲ ಚುಚ್ಚಿಸಿಕೊಂಡವರಿಗೆ ಶೇಕಡ 93.5 ರಕ್ಷಣೆ ಕಂಡುಬಂದಿತು. ಆದರೆ 2005ರಿಂದ 2010ರವರೆಗಿನ ಅಂಕಿಗಳನ್ನು ಪರಿಶೀಲಿಸಿದಾಗ ಎರಡು ಚುಚ್ಚುಮದ್ದುಗಳ ಫಲ ಶೇಕಡ 62.4ಕ್ಕೆ ಇಳಿದಿತ್ತು. ಸಾಮರ್ಥ್ಯ ಸಾಲದೆಂಬ ಕಾರಣದಿಂದ 2022ರಲ್ಲಿ ಆ ಲಸಿಕೆಯ ಬಳಕೆ ನಿಂತಿತು. ದಶಕಗಳ ಕಾಲ ಮಲೆನಾಡಿನ ಜನರು ನೆಚ್ಚಿದ್ದ ಲಸಿಕೆಯೂ ಪರೀಕ್ಷೆಯಿಂದ ಪರೀಕ್ಷೆಗೆ ತನ್ನ ಯೋಗ್ಯತೆಯನ್ನು ತೋರಿಸಬೇಕಾಗಿತ್ತು. ಒಮ್ಮೆ ಸರಿಹೋದ ಅಳತೆ ಸದಾ ಸರಿಯಾಗಿರುವುದೆಂಬ ಭರವಸೆಯಿಲ್ಲ.

ಇನ್ನು ಈ ದ್ರವವನ್ನು ಹಿಡಿದ ಕೈಯ ವಿಷಯ. ವೈರಸ್ಸಿನ ಪ್ರೋಟೀನನ್ನು ಬಿಗಿಯುವ ಅಣು ವಿದ್ಯಾರ್ಥಿಯ ಕಣ್ಣು, ಮೂಗು, ಗಂಟಲುಗಳ ಪ್ರೋಟೀನನ್ನು ಬಿಟ್ಟುಬಿಡುವುದಿಲ್ಲ. ಕಣ್ಣುರಿ, ಕೆಮ್ಮು, ಚರ್ಮದ ತುರಿಕೆ ಇದರ ಮೊದಲ ಫಲಗಳು. ಒಮ್ಮೆ ಒಗ್ಗದಿಕೆ ಹುಟ್ಟಿದವರಿಗೆ ಅನಂತರ ಅಲ್ಪಪ್ರಮಾಣವೂ ಬಾಧಿಸುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ತಜ್ಞರು 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲ ವರ್ಗಕ್ಕೆ ಸೇರಿಸಿದರು. ಅಮೆರಿಕೆಯ ಕಾರ್ಮಿಕರಕ್ಷಣಾ ನಿಯಮ 1992ರಲ್ಲಿ ಎಂಟು ಗಂಟೆಗಳ ದುಡಿಮೆಯ ಸರಾಸರಿ ಮಿತಿಯನ್ನು ಗಾಳಿಯ ಹತ್ತು ಲಕ್ಷ ಪಾಲಿಗೆ 0.75 ಪಾಲೆಂದು ಗೊತ್ತುಮಾಡಿತು. ಇಂತಹ ಮಿತಿಯನ್ನು ಮೂಗಿನಿಂದ ಅಳೆಯಲಾಗದು. ಕೊಠಡಿಗೆ ಬಂದಾಗ ಘಾಟೆನಿಸಿದುದು ಸ್ವಲ್ಪ ಹೊತ್ತಿನಲ್ಲಿ ಮಾಯವಾದಂತೆ ತೋರುತ್ತದೆ. ಮಾಯವಾದದ್ದು ಆವಿಯಲ್ಲ, ನಮ್ಮ ಘ್ರಾಣಶಕ್ತಿ. ವಾಸನೆಯಿಲ್ಲವೆಂದು ವಿಷವಿಲ್ಲವೆಂದು ತಿಳಿಯುವುದು ಕಟರ್ ಪ್ರಕರಣದ ಗ್ರಹಿಕೆಯಂತೆಯೇ ಪರೀಕ್ಷಿಸದ ಊಹೆ.

ಅಳತೆಯ ಹೆಸರುಗಳಲ್ಲಿಯೂ ತೊಡಕುಂಟು. ಸೀಸೆಯಲ್ಲಿ ಬರುವ ಫಾರ್ಮಾಲಿನ್ನಿನಲ್ಲಿ ತೂಕದ ಲೆಕ್ಕದಿಂದ ಶೇಕಡ 37ರಷ್ಟು ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ಗಟ್ಟಿಯಾಗದಂತೆ ಸಾಮಾನ್ಯವಾಗಿ ಮೆಥನಾಲನ್ನೂ ಬೆರೆಸಿರುತ್ತಾರೆ. ಒಂದು ಪಾಲು ಫಾರ್ಮಾಲಿನ್ನಿಗೆ ಒಂಬತ್ತು ಪಾಲು ನೀರನ್ನು ಸೇರಿಸಿದುದನ್ನು ನಾವು ಶೇಕಡ 10ರ ಫಾರ್ಮಾಲಿನ್ ಎನ್ನುತ್ತೇವೆ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಶೇಕಡ 4ರಷ್ಟು ಮಾತ್ರ. ಈ ಎರಡನ್ನು ಗೊಂದಲಗೊಳಿಸಿ ಶೇಕಡ 10 ಫಾರ್ಮಾಲ್ಡಿಹೈಡ್ ಎಂದು ಲೇಬಲ್ ಬರೆದರೆ, ಅದನ್ನು ನಂಬಿ ಸಿದ್ಧಪಡಿಸಿದ ದ್ರಾವಣ ಎರಡೂವರೆ ಪಟ್ಟು ಕಟುವಾಗುತ್ತದೆ.

ಆದುದರಿಂದ ದ್ರಾವಣವನ್ನು ಬೆರೆಸುವುದೂ ಭರಣಿಗಳನ್ನು ತೆರೆಯುವುದೂ ಆವಿಯನ್ನು ಹೊರಕ್ಕೆ ಸೆಳೆಯುವ ಫ್ಯೂಮ್ ಹುಡ್ಡಿನೊಳಗೆ ನಡೆಯಬೇಕು. ಅದಿಲ್ಲದ ಕಡೆ ಕಿಟಕಿ ಬಾಗಿಲುಗಳನ್ನು ತೆರೆದಿಟ್ಟು, ಸ್ವಲ್ಪ ಸ್ವಲ್ಪವಾಗಿ, ಬೇಗನೆ ಕೆಲಸ ಮುಗಿಸಬೇಕು. ನೈಟ್ರೈಲ್ ಕೈಗವಸು, ಕಣ್ಣಿಗೆ ಮುಚ್ಚುಕನ್ನಡಕ ಅವಶ್ಯ. ಬಟ್ಟೆಯ ಮುಖವಾಡ ಆವಿಯನ್ನು ತಡೆಯದು. ಮಾದರಿಗಳನ್ನು ಪರಿಶೀಲಿಸುವ ಮುನ್ನ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಹೈಡ್ರೋಕ್ಲೋರಿಕ್ ಆಮ್ಲದೊಡನೆ ಒಂದೇ ಕಪಾಟಿನಲ್ಲಿ ಇಡಬಾರದು. ಎರಡರ ಆವಿಗಳು ಕೂಡಿದರೆ ಕ್ಯಾನ್ಸರ್‌ಕಾರಕವಾದ ಮತ್ತೊಂದು ಪದಾರ್ಥ ಹುಟ್ಟಬಹುದು. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಹರಿಯುವ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗತಕ್ಕದ್ದು. ಬಳಸಿದ ದ್ರಾವಣವನ್ನು ಚರಂಡಿಗೆ ಸುರಿಯದೆ ಮುಚ್ಚಿದ ಪಾತ್ರೆಯಲ್ಲಿ ಹೆಸರು ಬರೆದು ಶೇಖರಿಸಬೇಕು.

ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2011ರ ಮಾರ್ಗಸೂಚಿಯ ತರುವಾಯ ಪ್ರಾಣಿಚ್ಛೇದನ ಕಡಮೆಯಾಗಿದೆ. ಹಳೆಯ ಭರಣಿಗಳು ಹಾಗೆಯೇ ಉಳಿದಿವೆ. ಅವುಗಳ ನೀರು ಬತ್ತಿದಾಗ ತುಂಬುವ ಕೆಲಸ ಸಾಮಾನ್ಯವಾಗಿ ಪ್ರಯೋಗಶಾಲೆಯ ಸಹಾಯಕನ ಪಾಲಿನದು. ವರ್ಷಗಟ್ಟಲೆ ಆ ಆವಿಯನ್ನು ಉಸಿರಾಡುವವನೂ ಅವನೇ. ಲಸಿಕೆಯ ಸೀಸೆಯಲ್ಲಿ ಈ ವಿಷದ ಪ್ರಮಾಣವನ್ನು ಅಷ್ಟು ಎಚ್ಚರದಿಂದ ಅಳೆದ ಶಾಸ್ತ್ರ, ಆ ಸಹಾಯಕನ ಕೊಠಡಿಯ ಗಾಳಿಯನ್ನು ಅಳೆಯದೆ ಬಿಡುವುದು ನ್ಯಾಯವಲ್ಲ. ಅಧ್ಯಾಪಕರು ವರ್ಷಾರಂಭದಲ್ಲಿ ಮೊದಲ ಪ್ರಯೋಗಕ್ಕೆ ಮುನ್ನ ತಮ್ಮ ಕಪಾಟಿನ ಸೀಸೆಗಳ ಲೇಬಲುಗಳನ್ನೂ ಕೊಠಡಿಯ ಕಿಟಕಿಗಳನ್ನೂ ಒಮ್ಮೆ ಪರೀಕ್ಷಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.