ದಂಡಿಗೆ ತಲುಪಿದ ‘ಟು’

ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರನ್ನು ತಾವು ಬಲ್ಲಿರಿ. 1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ಸಾಬರಮತಿಯಿಂದ ಹೊರಟು, ಏಪ್ರಿಲ್ 5ರಂದು ದಂಡಿಗೆ ತಲುಪಿದವರು ಅವರು. ಈ ಮಾತನ್ನು ಅವರೂರಿನ ಹುಡುಗನೊಬ್ಬನಿಗೆ ಇಂಗ್ಲಿಷಿನಲ್ಲಿ ಬರೆಯಹೇಳಿರಿ. ‘ರೀಚ್ಡ್ ಟು ದಂಡಿ’ ಎಂದು ಬರೆದಾನು. ಗುರುಗಳು ಆ ‘ಟು’ ಹೊಡೆದುಹಾಕಿ ಅಂಕ ಕಳೆದಾರು.

ಹುಡುಗ ದಡ್ಡನಲ್ಲ. ‘ದಂಡಿಗೆ’ ಎಂಬಲ್ಲಿಯ ‘ಗೆ’ ಪ್ರತ್ಯಯವೇ ‘ಟು’ ಆಗಿ ನುಸುಳಿದೆ. ‘ಕರದ ಬಗ್ಗೆ ಚರ್ಚಿಸಿದರು’ ಎಂಬುದು ‘ಡಿಸ್ಕಸ್ಡ್ ಅಬೌಟ್’ ಆಗುವುದೂ, ‘ಆಕೆಯೊಡನೆ ಮದುವೆಯಾದನು’ ಎಂಬುದು ‘ಮ್ಯಾರಿಡ್ ವಿತ್’ ಆಗುವುದೂ ಹೀಗೆಯೇ.

ಇಂಗ್ಲಿಷರಾದರೂ ಮೊದಲಿನಿಂದ ಹೀಗಿದ್ದವರಲ್ಲ. ಸುಮಾರು 1600ರಲ್ಲಿ ಶೇಕ್ಸ್‌ಪಿಯರನು ಬರೆದ ‘ಹ್ಯಾಮ್ಲೆಟ್’ ನಾಟಕದಲ್ಲಿ ಮದುವೆಯ ಮಾತಿಗೆ ‘ವಿತ್’ ಅಂಟಿಕೊಂಡಿದೆ. ಅಂದು ಅದು ತಪ್ಪಲ್ಲ. ಮುಂದೆ ಬಳಕೆಯೇ ಅದನ್ನು ಕಳಚಿತು. 1835ರಲ್ಲಿ ಬೆಂಟಿಂಕನ ಸರಕಾರ ಇಂಗ್ಲಿಷ್ ಶಿಕ್ಷಣವನ್ನು ಎತ್ತಿಹಿಡಿಯಿತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿತು. ಧಾರವಾಡ ಸೀಮೆಯ ನಮ್ಮ ಹಿರಿಯರು ಪರೀಕ್ಷೆಗೆಂದು ಕಲಿತದ್ದು ಹೀಗೆ ಬದಲಾದ ಇಂಗ್ಲಿಷನ್ನು.

ಮದ್ದೂ ಕನ್ನಡದಲ್ಲಿಯೇ ಇದೆ. ‘ದಂಡಿಯನ್ನು ತಲುಪಿದರು’, ‘ಕರವನ್ನು ಚರ್ಚಿಸಿದರು’, ‘ಆಕೆಯನ್ನು ಮದುವೆಯಾದನು’ ಎಂದು ದ್ವಿತೀಯಾ ವಿಭಕ್ತಿ ಹಚ್ಚಿ ನೋಡಿರಿ. ಅದು ಒಪ್ಪಿದಲ್ಲಿ ಇಂಗ್ಲಿಷ್ ಕ್ರಿಯಾಪದವೂ ಹೆಚ್ಚಾಗಿ ಊರುಗೋಲಿಲ್ಲದೆ ನಿಲ್ಲುತ್ತದೆ. ಎಲ್ಲೆಡೆಯೂ ಅಲ್ಲ: ತಾವು ರೇಡಿಯೋವನ್ನು ಕೇಳುವಾಗ ‘ಲಿಸನ್’ ಎಂಬುದಕ್ಕೆ ‘ಟು’ ಬೇಕೇ ಬೇಕು.

ಮನೆಯ ಮಕ್ಕಳು ಹೀಗೆ ತಪ್ಪಿದರೆ ನಗಬೇಡಿರಿ. ಅವರ ಇಂಗ್ಲಿಷಿನೊಳಗೆ ಕನ್ನಡ ಮಾತನಾಡುತ್ತಿದೆ. ತಿದ್ದುವ ಕೆಲಸವನ್ನೂ ಆ ಕನ್ನಡಕ್ಕೇ ಒಪ್ಪಿಸಿರಿ.